ಠಾಣೆಯಲ್ಲಿ ಕಳೆದುಹೋದ ಒಡವೆಗೆ ಹೊಣೆ ಯಾರು?

ಧಾರವಾಡದಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೆ, ಕಳುವಾದ ಒಡವೆ ಪತ್ತೆಯಾದರೂ ಅದು ಠಾಣೆಯಿಂದ ಮನೆಗೆ ಬಾರದೆ ಕಂಗೆಟ್ಟವರು ಆಗಾಗ ಬರುತ್ತಾರೆ. ಪೊಲೀಸರ ವಶದಲ್ಲಿದ್ದಾಗಲೇ ಅದು ಕಾಣೆಯಾದರೆ ಯಾರನ್ನು ಕೇಳಬೇಕೆಂಬುದು ಅವರ ಆತಂಕ.

1947ರಲ್ಲಿ ಮೀರತ್ ಪೊಲೀಸರು ಜಪ್ತಿ ಮಾಡಿದ ಬಂಗಾರವನ್ನು ಹೆಡ್ ಕಾನ್‌ಸ್ಟೇಬಲ್ ಒಬ್ಬ ಲಪಟಾಯಿಸಿ ಪಾಕಿಸ್ತಾನಕ್ಕೆ ಓಡಿಹೋದ ಕಸ್ತೂರಿಲಾಲ್ ಪ್ರಕರಣದಲ್ಲಿ, ಜಪ್ತಿ ಮಾಡುವುದು ಸಾರ್ವಭೌಮ ಅಧಿಕಾರದ, ಅಂದರೆ ಸರ್ಕಾರ ಮಾತ್ರವೇ ಚಲಾಯಿಸಬಲ್ಲ ಆಡಳಿತಾಧಿಕಾರದ ಕೆಲಸವಾದ್ದರಿಂದ ಸರ್ಕಾರ ನಷ್ಟ ತುಂಬಿಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪನ್ನು ನನ್ನ ಮನಸ್ಸು ಎಂದೂ ಒಪ್ಪಿಲ್ಲ. ನಮ್ಮದೇ ರಾಜ್ಯದಿಂದ ಹೋದ ಇನ್ನೊಂದು ಪ್ರಕರಣದಲ್ಲಿ, ಕಳ್ಳರಿಂದ ವಶಪಡಿಸಿಕೊಂಡ ಒಡವೆ ಪೊಲೀಸರ ಕಾವಲಿನಿಂದಲೇ ಮಾಯವಾದಾಗ, ವಸ್ತು ಇಲ್ಲದಿದ್ದರೆ ಅದರ ಬೆಲೆಯನ್ನಾದರೂ ಕೊಡಿಸಬಹುದೆಂದು ಅದೇ ನ್ಯಾಯಾಲಯ 1977ರಲ್ಲಿ ತೀರ್ಮಾನಿಸಿ, ಫಿರ್ಯಾದಿ ಮಹಿಳೆಗೆ 10,000 ರೂಪಾಯಿ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು.

ಜೀವವೇ ಹೋದಾಗ ಕಾನೂನು ಇನ್ನೂ ಸ್ಪಷ್ಟವಾಗಿದೆ. ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ಒಡಿಶಾದ ತಾಯಿಯೊಬ್ಬರಿಗೆ 1993ರಲ್ಲಿ 1.5 ಲಕ್ಷ ರೂಪಾಯಿ ಕೊಡಿಸುತ್ತ, ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸಾರ್ವಭೌಮತ್ವದ ರಕ್ಷಣೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ ಹೇಳಿತು. ಹಕ್ಕಿನ ಉಲ್ಲಂಘನೆಗೆ ಪರಿಹಾರ ಕೋರಿ ನೇರವಾಗಿ ಹೈಕೋರ್ಟಿಗೆ ಹಾಕುವ ಅಂಥ ರಿಟ್ ಅರ್ಜಿಯನ್ನು ನಮ್ಮ ಭಾಗದವರು ಧಾರವಾಡದ ಹೈಕೋರ್ಟ್ ಪೀಠದಲ್ಲಿಯೇ ಸಲ್ಲಿಸಬಹುದು.

ಒಡವೆಯ ವಿಷಯದಲ್ಲಿ ಮಾತ್ರ ಪರಿಹಾರದ ದಾವೆಯವರೆಗೆ ಕಾಯಬಾರದು. ಜಪ್ತಿಯ ವೇಳೆ ಸಾಕ್ಷಿಗಳ ಮುಂದೆ ಬರೆದ ಪಂಚನಾಮೆಯ ನಕಲು ಪಡೆದು, ಅದರಲ್ಲಿ ತೂಕ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿಕೊಂಡು, ಬಾಂಡ್ ಬರೆದುಕೊಟ್ಟು ಒಡವೆಯನ್ನು ಮಧ್ಯಂತರವಾಗಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಕೂಡಲೇ ಅರ್ಜಿ ಹಾಕಬೇಕು.