ಡೆಡ್‌ಲೈನ್ ಎಂದರೆ ನಿಜಕ್ಕೂ ಸಾವಿನ ಗೆರೆ

ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ‘ಡೆಡ್‌ಲೈನ್’ ಹುಟ್ಟಿದ್ದು ಜೈಲಿನಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾ ರಾಜ್ಯದ ಆ್ಯಂಡರ್ಸನ್‌ವಿಲ್‌ನಲ್ಲಿ ಯುದ್ಧಕೈದಿಗಳ ಶಿಬಿರವಿತ್ತು. ಮರದ ದಿಮ್ಮಿಗಳ ಎತ್ತರದ ಗೋಡೆ, ಅದರಿಂದ ಸುಮಾರು 19 ಅಡಿ ಒಳಗೆ ಗೂಟ ನೆಟ್ಟು ಪಟ್ಟಿ ಹೊಡೆದ ಸಣ್ಣ ಬೇಲಿ. ಅದೇ ಡೆಡ್‌ಲೈನ್. ದಾಟಿದವನಿಗೆ ಕಾವಲುಗಾರ ಗುಂಡು ಹಾರಿಸುತ್ತಿದ್ದ. ಶಿಬಿರದೊಳಗೆ ಹರಿಯುತ್ತಿದ್ದ ತೊರೆಯ ನೀರು ಕೆಳಗೆ ಹೋದಷ್ಟೂ ಹೊಲಸು. ಸ್ವಲ್ಪ ತಿಳಿನೀರಿಗೆಂದು ಬೇಲಿಯತ್ತ ಕೈ ಚಾಚಿದವರೂ ಸತ್ತರು. ಅಲ್ಲಿನ ಅಧಿಕಾರಿ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು.

ಆಮೇಲೆ ಮುದ್ರಣದವರೂ ಈ ಮಾತು ಬಳಸಿದರು: ಯಂತ್ರದ ಹಾಸಿನ ಮೇಲಿನ ಗೆರೆ, ಅದರಾಚೆ ಅಚ್ಚುಮೊಳೆ ಜೋಡಿಸಿದರೆ ಸರಿಯಾಗಿ ಮೂಡದು. ‘ಗಡುವು’ ಎಂಬ ಅರ್ಥ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಅಮೆರಿಕದ ಪತ್ರಿಕಾ ಕಚೇರಿಗಳಿಂದ.

ಬಳಕೆಯಲ್ಲಿ ನಾವು ಎಡವುವುದು ಕ್ರಿಯಾಪದದಲ್ಲಿ. ಕನ್ನಡದಲ್ಲಿ ಗಡುವು ಮೀರುತ್ತೇವೆ, ಅದೇ ಗುಂಗಿನಲ್ಲಿ ‘ಕ್ರಾಸ್ ಮಾಡಿದೆ’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಹೊತ್ತಿಗೆ ಮುಗಿಸಿದರೆ ‘ಮೀಟ್’, ತಪ್ಪಿದರೆ ‘ಮಿಸ್’. (ಹಳೆಯ ಗೆರೆಯನ್ನು ‘ಮೀಟ್’ ಮಾಡಲು ಹೋಗಿದ್ದರೆ ಕಥೆ ಮುಗಿಯುತ್ತಿತ್ತು!) ‘ಶುಕ್ರವಾರದೊಳಗೆ ಕೊಡಿ’ ಎನ್ನಲು ‘ಬೈ ಫ್ರೈಡೇ’ ಬೇಕು, ‘ಟಿಲ್ ಫ್ರೈಡೇ’ ಎಂದರೆ ಶುಕ್ರವಾರದ ತನಕ ಕೊಡುತ್ತಲೇ ಇರಿ ಎಂದಂತೆ. ‘ಡೇಟ್‌ಲೈನ್’ ಬೇರೆಯೇ ಪದ: ಸುದ್ದಿಯ ತಲೆಯಲ್ಲಿ ಊರು, ದಿನಾಂಕ ಹೇಳುವ ಸಾಲು.