ದುಂಡು ಮೇಜಿನ ಪಜಲ್: ಮೊದಲು ಯಾರನ್ನು ಕೂರಿಸಬೇಕು?

ಎಂಬಿಎ ಪ್ರವೇಶಕ್ಕೆ ಬರೆಯುವ ಕ್ಯಾಟ್ ಪರೀಕ್ಷೆಯಲ್ಲಿ ಡೇಟಾ ಮತ್ತು ಲಾಜಿಕ್ ವಿಭಾಗಕ್ಕೆ ಸಿಗುವುದು 40 ನಿಮಿಷ. ಬಹು ಆಯ್ಕೆಯ ಪ್ರಶ್ನೆ ಸರಿಯಾದರೆ 3 ಅಂಕ, ತಪ್ಪಾದರೆ 1 ಅಂಕ ಖೋತಾ. ಉತ್ತರ ಟೈಪ್ ಮಾಡುವ ಪ್ರಶ್ನೆಗೆ ಕಡಿತವಿಲ್ಲ.

ಇಂಥ ವಿಭಾಗದ ದುಂಡು ಮೇಜಿನ ಪಜಲ್‌ಗೆ ಒಂದು ಪುಟ್ಟ ಲೆಕ್ಕ ನೋಡಿ: ಯಾರು ಎಲ್ಲಿ ಕೂತಿದ್ದಾರೆ? ಆರು ಮಂದಿ ಮೇಜಿನ ನಡುವಿಗೆ ಮುಖಮಾಡಿ ಕೂತಿದ್ದಾರೆ. ಗೀತಾಳ ಎದುರು ಹರಿ. ಗೀತಾಳ ಎಡಕ್ಕೆ ಎರಡನೆಯವಳು ಕಮಲ. ನಳಿನಿ, ರವಿ ಅಕ್ಕಪಕ್ಕ. ರವಿ ಹರಿಯ ಪಕ್ಕದಲ್ಲಿಲ್ಲ. ಉಳಿದವನು ಮಧು.

ವೃತ್ತ ಬರೆದು ಗಡಿಯಾರದ ದಿಕ್ಕಿನಲ್ಲಿ 1ರಿಂದ 6 ಗುರುತು ಹಾಕಿ. ವೃತ್ತಕ್ಕೆ ತುದಿಮೊದಲಿಲ್ಲ, ಹಾಗಾಗಿ ಗೀತಾಳನ್ನು 1ರಲ್ಲಿ ಕೂರಿಸಿದರೆ ನಷ್ಟವೇನಿಲ್ಲ. ಹರಿ 4ಕ್ಕೆ. ನಡುವಿಗೆ ಮುಖಮಾಡಿದವರ ಎಡಗೈ ಗಡಿಯಾರದ ದಿಕ್ಕಿಗೇ ಇರುತ್ತದೆ, ಕಮಲ 3ಕ್ಕೆ. ಖಾಲಿ ಉಳಿದದ್ದು 2, 5, 6. ಅಕ್ಕಪಕ್ಕ ಇರುವುದು 5 ಮತ್ತು 6 ಮಾತ್ರ, ಅಲ್ಲಿಗೆ ಮಧು ತಾನಾಗಿ 2ಕ್ಕೆ ಬಂದ. ಈಗಷ್ಟೇ ಆ ‘ಇಲ್ಲ’ ಎನ್ನುವ ಸುಳಿವು ಮುಟ್ಟಿ: ರವಿ 6, ನಳಿನಿ 5.

ಹೆಚ್ಚಿನವರು ಎಡವುವುದು ಇಲ್ಲೇ. ‘ಇಲ್ಲ’ದ ಸುಳಿವಿನಿಂದ ಶುರುಮಾಡಿ ನಾಲ್ಕೈದು ಚಿತ್ರ ಬರೆದು ಕೂರುತ್ತಾರೆ. ಇನ್ನೊಂದು, ‘ಎಡಕ್ಕೆ ಎರಡನೆಯವರು’ ಎಂದರೆ ನಡುವೆ ಒಬ್ಬರೇ, ಇಬ್ಬರಲ್ಲ. ಎಲ್ಲರೂ ಹೊರಮುಖವಾಗಿದ್ದರೆ ಎಡಬಲ ಅದಲುಬದಲು. ಅರ್ಧ ಒಳಗೆ, ಅರ್ಧ ಹೊರಗೆ ಮುಖವಿದ್ದರೆ ಪ್ರತಿ ಹೆಸರಿಗೂ ಬಾಣದ ಗುರುತು ಹಾಕಿ. ಮನಸ್ಸಲ್ಲೇ ತಿರುಗಿಸಲು ಹೋಗಬೇಡಿ.

ಎರಡು ಸಾಧ್ಯತೆ ಉಳಿದರೆ ಒಂದನ್ನು ಅಳಿಸದೆ ಎರಡು ವೃತ್ತ ಇಟ್ಟುಕೊಳ್ಳಿ. ಎರಡರಲ್ಲೂ ಒಂದೇ ಉತ್ತರ ಕೊಡುವ ಪ್ರಶ್ನೆಗಳೂ ಇರುತ್ತವೆ.