ಇಲ್ಲ, ಗ್ರಹಣದಲ್ಲಿ ನಾನು ಹೊರಗೆ ಬಂದಿರಲಿಲ್ಲ

ಬಂದಿದ್ದರೂ ಅದರಿಂದ ಹೀಗಾಗುತ್ತಿರಲಿಲ್ಲ. ಕಲಬುರಗಿಯಲ್ಲಿ ಮಗನನ್ನು ಎತ್ತಿಕೊಂಡು ಎಲ್ಲಿ ಹೋದರೂ ಇದೇ ಮಾತು: “ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದೇನು? ಅದಕ್ಕ ಕೂಸಿನ ಕೈಕಾಲು ಹಿಂಗಾಗ್ಯಾವೇನು?” ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದೇ ಬಿಡುತ್ತೇನೆ.

ಹೋದ ವರ್ಷ ಶರಣಬಸವೇಶ್ವರ ಜಾತ್ರೆಯಲ್ಲಿ ಒಬ್ಬ ಆಯಿ ಅವನೆದುರೇ ಕೇಳಿದರು: “ಯವ್ವಾ, ಬಸುರಿದ್ದಾಗ ಏನ್ ಮಾಡ್ಕೊಂಡಿದ್ದಿ? ಕೂಸಿಗಿ ಹಿಂಗ್ಯಾಕ ಆಗ್ಯಾದ?” ಅವನಿಗೆ ಏಳು ವರ್ಷ. ಎಲ್ಲ ತಿಳಿಯುತ್ತದೆ. ಮಾತು ಹೊರಗೆ ಬರಲು ಹೊತ್ತು ಬೇಕು, ಅಷ್ಟೇ. ಕತ್ತು ಒಂದು ಕಡೆ ಎಳೆಯಿತು, ಕೈ ಬಿಗಿಯಾಯಿತು, ಆಮೇಲೆ ಒಂದೊಂದೇ ಪದ: “ಅವ್ವ... ಏನೂ... ಮಾಡಿಲ್ಲ.” ಅಷ್ಟರಲ್ಲಿ ಆಯಿ ಜನರ ನಡುವೆ ಮುಂದೆ ಹೋಗಿಬಿಟ್ಟಿದ್ದರು.

ಅವನಿಗಿರುವುದು ಸೆರೆಬ್ರಲ್ ಪಾಲ್ಸಿ. ಕೈಕಾಲು ಸರಿಯಾಗೇ ಇವೆ. ಅವನ್ನು ಆಡಿಸುವ ಮಿದುಳಿಗೆ, ಬೆಳೆಯುವ ಹೊತ್ತಿನಲ್ಲೇ ಪೆಟ್ಟಾಗಿದೆ. ನನ್ನ ಮಗ 30 ವಾರಕ್ಕೇ ಹುಟ್ಟಿದ, ತೂಕ 1,300 ಗ್ರಾಂ. ದಿನ ತುಂಬದೆ ಹುಟ್ಟುವುದು ಇದಕ್ಕೆ ದೊಡ್ಡ ಕಾರಣಗಳಲ್ಲೊಂದು. ಗರ್ಭದಲ್ಲಿದ್ದಾಗ ತಗಲುವ ಸೋಂಕು, ಹುಟ್ಟಿದ ಮೇಲೆ ವಿಪರೀತ ಏರುವ ಕಾಮಾಲೆ, ಮಿದುಳು ಜ್ವರ ಇವುಗಳಿಂದಲೂ ಆಗಬಹುದು. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ. ಶಾಪ ಅಲ್ಲ, ಅಂಟುವುದೂ ಇಲ್ಲ.

ಆ ಆಯಿಯ ಸೊಂಟದ ಮೇಲೂ ಒಂದು ಕೂಸಿತ್ತು. “ನಿನಗ ಹ್ಯಾಂಗ ಗೊತ್ತಾತು?” ಅಂತ ಕೇಳಿದ್ದರೆ ನಿಂತು ಎಲ್ಲ ಹೇಳುತ್ತಿದ್ದೆ.

ಎರೆಯುವಾಗ ಗೊತ್ತಾಗಬೇಕಿತ್ತು. ಕಾಲ ಮೇಲೆ ಮಲಗಿಸಿಕೊಂಡರೆ ಅವನ ತೊಡೆ ಬಿಡಿಸಲು ಬರುತ್ತಿರಲಿಲ್ಲ. ಕಂಕುಳಲ್ಲಿ ಹಿಡಿದೆತ್ತಿದರೆ ಕಾಲು ಕತ್ತರಿ ಹಾಗೆ ಒಂದರ ಮೇಲೊಂದು. ಮುಷ್ಟಿ ಸದಾ ಬಿಗಿ, ಒಳಗೆ ಹೆಬ್ಬೆರಳು. ನೆಲಕ್ಕೆ ತಾಗಿಸಿದರೆ ತುದಿಗಾಲಲ್ಲಿ ಸೆಟೆದು ನಿಲ್ಲುತ್ತಿದ್ದ. “ಕಾಲ ಗಟ್ಟಿ ಅವ, ಲಗೂ ನಡೀತಾನ” ಅಂತ ಮನೆಯವರೆಲ್ಲ ಖುಷಿಪಟ್ಟರು, ನಾನೂ. ಆರು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದಾಗಲೇ ಭಯವಾಗಿದ್ದು. ಕೆಲವು ಕೂಸುಗಳು ಬಿಗಿಯ ಬದಲು ಅರಿವೆಯ ಹಾಗೆ ಮೆತ್ತಗಿರುತ್ತವೆ. ವರ್ಷ ತುಂಬುವ ಮೊದಲೇ ಯಾವಾಗಲೂ ಒಂದೇ ಕೈ ಚಾಚುತ್ತಿದ್ದರೂ ತೋರಿಸಬೇಕು.

ಮಿದುಳಿನ ಪೆಟ್ಟು ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಎಲುಬು ಬೆಳೆದ ಹಾಗೆ ಬಿಗಿದ ಸ್ನಾಯು ಗಿಡ್ಡವಾಗುತ್ತದೆ. ಅದಕ್ಕೇ ಎಷ್ಟು ಬೇಗ ವ್ಯಾಯಾಮ ಶುರುವಾದರೆ ಅಷ್ಟು ಒಳ್ಳೆಯದು. ನಾವು ತಿಂಗಳುಗಟ್ಟಲೆ ಸುಮ್ನೆ ಕಳೆದೆವು, ಅದು ನನಗೆ ಇನ್ನೂ ಚುಚ್ಚುತ್ತದೆ.

ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಸರ್ಕಾರಿ ತಂಡ ಬರುತ್ತದೆ, ದುಡ್ಡಿಲ್ಲ. ಅನುಮಾನ ಬಂದರೆ ಅವರು ಬರುವವರೆಗೂ ಕಾಯಬೇಡಿ, ನೇರ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಎರೆಯುವಾಗ ಏನು ಕಂಡಿರೋ ಅದನ್ನೇ ಹೇಳಿ.